ಓಡುವ, ಹಾರುವ ಪ್ರಾಣಿಗಳ ಚಿತ್ರಕ್ಕೆ ಕ್ಯಾಮೆರಾ ಬೇಕೇ, ಫೋನ್ ಸಾಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸುಮ್ಮನೆ ನಿಂತಿರುವ ಪ್ರಾಣಿಯ ಚಿತ್ರವನ್ನು ಇಂದಿನ ಬಹುತೇಕ ಫೋನುಗಳು ಚೆನ್ನಾಗಿಯೇ ತೆಗೆಯುತ್ತವೆ. ಅದೇ ಪ್ರಾಣಿ ಓಡತೊಡಗಿದಾಗ, ಜಿಗಿದಾಗ ಅಥವಾ ರೆಕ್ಕೆ ಬಿಚ್ಚಿದಾಗ ಕ್ಯಾಮೆರಾಕ್ಕೂ ಫೋನಿಗೂ ಇರುವ ಅಂತರ ಎದ್ದು ಕಾಣುತ್ತದೆ. ಆ ಅಂತರ ಎಲ್ಲಿ ಹುಟ್ಟುತ್ತದೆ, ಎಂತಹ ಸಂದರ್ಭಗಳಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನು ವಿವರಿಸಲು ಈ ಪುಟವನ್ನು ಬರೆಯಲಾಗಿದೆ.

ನನ್ನ ಫೋನಿನಲ್ಲಿ 200 ಮೆಗಾಪಿಕ್ಸೆಲ್ ಇದೆ. ಕ್ಯಾಮೆರಾಗಳಲ್ಲಿ ಇರುವುದು 24 ಅಥವಾ 45. ಹೀಗಿದ್ದರೂ ಕ್ಯಾಮೆರಾ ಹೇಗೆ ಮೇಲಾಗುತ್ತದೆ?

ಮೆಗಾಪಿಕ್ಸೆಲ್ ಎಂಬುದು ಚಿತ್ರವನ್ನು ಎಷ್ಟು ಚುಕ್ಕೆಗಳಾಗಿ ವಿಂಗಡಿಸಲಾಗಿದೆ ಎಂಬುದರ ಎಣಿಕೆಯೇ ಹೊರತು, ಆ ಚುಕ್ಕೆಗಳಿಗೆ ಎಷ್ಟು ಬೆಳಕು ಸಿಕ್ಕಿದೆ ಎಂಬುದರ ಅಳತೆಯಲ್ಲ. ಚಲಿಸುವ ಪ್ರಾಣಿಯ ಮುಂದೆ ನಿರ್ಣಾಯಕವಾಗುವುದು ಬೆಳಕು, ಏಕೆಂದರೆ ಚಲನೆಯನ್ನು ಹಿಡಿದು ನಿಲ್ಲಿಸಬೇಕಾದರೆ ಬೆಳಕನ್ನು ಒಳಬಿಡುವ ಶಟರ್ ತೀರ ಕಡಿಮೆ ಹೊತ್ತು ತೆರೆದಿರಬೇಕು, ಅಷ್ಟೇ ಹೊತ್ತಿನಲ್ಲಿ ಚಿತ್ರಕ್ಕೆ ಬೇಕಾದ ಬೆಳಕೆಲ್ಲ ಒಳಗೆ ಬಂದಿರಬೇಕು.

ಬೆಳಕನ್ನು ಚಿತ್ರವಾಗಿಸುವ ಭಾಗವೇ ಸೆನ್ಸರ್, ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ. ಫುಲ್ ಫ್ರೇಮ್ ಎಂಬ ಬಗೆಯ ಕ್ಯಾಮೆರಾದ ಸೆನ್ಸರ್ 36 × 24 ಮಿ.ಮೀ. ಅಳತೆಯದು, ಅಂದರೆ 864 ಚದರ ಮಿ.ಮೀ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಬಗೆಯ ಸೆನ್ಸರ್ ಸುಮಾರು 330ರಿಂದ 370 ಚದರ ಮಿ.ಮೀ. ಇರುತ್ತದೆ. ಒಳ್ಳೆಯ ಫೋನುಗಳ ಮುಖ್ಯ ಸೆನ್ಸರ್ ಸುಮಾರು 70 ಚದರ ಮಿ.ಮೀ. ಇರುತ್ತದೆ. 'ಒಂದಿಂಚು' ಎಂದು ಕರೆಯುವ ದೊಡ್ಡ ಸೆನ್ಸರ್ ಇದ್ದರೂ ಅದು 116 ಚದರ ಮಿ.ಮೀ. ದಾಟುವುದಿಲ್ಲ. ದೂರದ್ದನ್ನು ಹತ್ತಿರ ತೋರಿಸುವ ಫೋನಿನ ಟೆಲಿಫೋಟೊ ಲೆನ್ಸಿನ ಹಿಂದಿರುವ ಸೆನ್ಸರ್ ಸಾಮಾನ್ಯವಾಗಿ ಇದಕ್ಕಿಂತಲೂ ಚಿಕ್ಕದು.

ನನ್ನ ಅಭಿಪ್ರಾಯದಲ್ಲಿ ಸೆನ್ಸರಿಗಿಂತಲೂ ಹೆಚ್ಚು ಗಮನ ಕೊಡಬೇಕಾದದ್ದು ಲೆನ್ಸಿನ ಬಾಯಿಗೆ. 400 ಮಿ.ಮೀ. ನಾಭಿದೂರದ ಎಫ್/5.6 ಲೆನ್ಸಿನಲ್ಲಿ ಬೆಳಕು ಪ್ರವೇಶಿಸುವ ದ್ವಾರದ ವ್ಯಾಸ 400ನ್ನು 5.6ರಿಂದ ಭಾಗಿಸಿದರೆ ಬರುವಷ್ಟು, ಅಂದರೆ ಸುಮಾರು 71 ಮಿ.ಮೀ. ಫೋನಿನ 5 ಪಟ್ಟು ಟೆಲಿಫೋಟೊ ಲೆನ್ಸಿನಲ್ಲಿ ಆ ವ್ಯಾಸ 5ರಿಂದ 6 ಮಿ.ಮೀ. ಮಾತ್ರ. ವಿಸ್ತೀರ್ಣದ ಲೆಕ್ಕದಲ್ಲಿ ಇದು ನೂರು ಪಟ್ಟಿಗೂ ಮೀರಿದ ವ್ಯತ್ಯಾಸ. ದೂರದಲ್ಲಿ ಓಡುತ್ತಿರುವ ಒಂದೇ ಜಿಂಕೆಯಿಂದ, ಸೆಕೆಂಡಿನ ಒಂದೇ ಭಾಗದಲ್ಲಿ, ಒಂದು ಸಾಧನಕ್ಕೆ ದೊರೆಯುವ ಬೆಳಕು ಇನ್ನೊಂದಕ್ಕೆ ದೊರೆಯುವುದಕ್ಕಿಂತ ನೂರು ಪಾಲಿಗೂ ಹೆಚ್ಚು ಎಂದಾದರೆ, ಉಳಿದ ವಾದಗಳೆಲ್ಲ ಅದರ ಮುಂದೆ ಸಣ್ಣವು. ಅಂದಹಾಗೆ, 200 ಮೆಗಾಪಿಕ್ಸೆಲ್ ಫೋನುಗಳು ಸಾಮಾನ್ಯ ಬಳಕೆಯಲ್ಲಿ 16 ಪಿಕ್ಸೆಲ್‌ಗಳನ್ನು ಒಂದಾಗಿ ಸೇರಿಸಿ ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ಹಾಗೆ ಮಾಡುವುದು ಬೆಳಕಿನ ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿಯೇ.

ಚಲನೆಯನ್ನು ನಿಲ್ಲಿಸಲು ಶಟರ್ ವೇಗ ಎಷ್ಟಿರಬೇಕು?

ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುವ ನಾಯಿ ಸೆಕೆಂಡಿಗೆ 10 ಮೀಟರ್ ಕ್ರಮಿಸುತ್ತದೆ. ಶಟರ್ 1/100 ಸೆಕೆಂಡ್ ತೆರೆದಿದ್ದರೆ ಆ ಅವಧಿಯಲ್ಲಿ ಅದು 10 ಸೆಂ.ಮೀ. ಮುಂದೆ ಹೋಗಿರುತ್ತದೆ, 1/1000 ಆದರೆ 1 ಸೆಂ.ಮೀ., 1/2000 ಆದರೆ 5 ಮಿ.ಮೀ. ಚಿತ್ರದ ಅಗಲದಲ್ಲಿ 3 ಮೀಟರ್ ದೃಶ್ಯ ಹಿಡಿದಿದೆ, ಆ ಅಗಲಕ್ಕೆ 6000 ಪಿಕ್ಸೆಲ್‌ಗಳಿವೆ ಎಂದುಕೊಂಡರೆ, 1 ಸೆಂ.ಮೀ. ಚಲನೆ ಎಂದರೆ 20 ಪಿಕ್ಸೆಲ್‌ಗಳ ಮಸುಕು. ಕ್ಯಾಮೆರಾವನ್ನು ಅಲುಗಿಸದೆ ಹಿಡಿದರೆ 1/1000 ಕೂಡ ಸಾಲದೆಂಬುದು ಇದರಿಂದ ತಿಳಿಯುತ್ತದೆ. ಪ್ರಾಣಿಯ ಜೊತೆಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತ ಹೋದಾಗ, ಅಂದರೆ ಪ್ಯಾನಿಂಗ್ ಮಾಡಿದಾಗ, ದೇಹದ ಚಲನೆಯ ಬಹುಪಾಲು ರದ್ದಾಗುತ್ತದೆ. ಆಗಲೂ ಮುಂದಕ್ಕೆ ಬೀಸುವ ಕಾಲು ದೇಹಕ್ಕಿಂತ ವೇಗವಾಗಿ ಸಾಗುವುದರಿಂದ ಪಾದದಲ್ಲಿ ಸ್ವಲ್ಪ ಮಸುಕು ಉಳಿಯುತ್ತದೆ.

ಸ್ಥೂಲವಾಗಿ ಹೇಳುವುದಾದರೆ, ನಿಧಾನವಾಗಿ ನಡೆಯುವ ಪ್ರಾಣಿಗೆ 1/250, ಪ್ಯಾನಿಂಗ್ ಮಾಡುತ್ತ ತೆಗೆದರೆ ಓಡುವುದಕ್ಕೆ 1/1000, ಹಾರುವ ಹಕ್ಕಿಗೆ 1/2000, ಪುಟ್ಟ ಹಕ್ಕಿಗಳ ರೆಕ್ಕೆಬಡಿತಕ್ಕೆ 1/3200 ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ನೇರವಾಗಿ ನಮ್ಮತ್ತ ಬರುವ ಪ್ರಾಣಿಗೆ ಇದಕ್ಕಿಂತ ಕಡಿಮೆ ಸಾಕು, ಆದರೆ ಅಲ್ಲಿ ಕಷ್ಟವೆಲ್ಲ ಫೋಕಸ್‌ನದು.

ಹಗಲು ಬೆಳಕಿನಲ್ಲಿಯೂ ಫೋನಿನ ಚಿತ್ರದಲ್ಲಿ ಪ್ರಾಣಿ ಮಸುಕಾಗಿ, ಕೆಲವೊಮ್ಮೆ ಎರಡೆರಡಾಗಿ ಕಾಣುವುದೇಕೆ?

ಬಹುತೇಕ ಫೋನುಗಳಲ್ಲಿ ಅಪರ್ಚರ್, ಅಂದರೆ ಲೆನ್ಸಿನ ದ್ವಾರದ ಅಗಲ, ಬದಲಾಗುವುದಿಲ್ಲ. ಬೆಳಕನ್ನು ಸರಿದೂಗಿಸಲು ಫೋನಿಗೆ ಇರುವುದು ಶಟರ್ ವೇಗ ಮತ್ತು ಐಎಸ್ಒ (ಸಿಕ್ಕ ಬೆಳಕನ್ನು ಚಿತ್ರದಲ್ಲಿ ಎಷ್ಟು ಹೆಚ್ಚಿಸಿ ತೋರಿಸಬೇಕೆಂಬ ಅಳತೆ) ಎರಡೇ. ಐಎಸ್ಒ ಏರಿಸಿದರೆ ಚಿಕ್ಕ ಸೆನ್ಸರಿನಲ್ಲಿ ಚಿತ್ರ ಬೇಗನೆ ಕಾಳುಕಾಳಾಗುವುದರಿಂದ, ಮೋಡ ಕವಿದ ಕೂಡಲೇ ಅದು ಶಟರ್ ವೇಗವನ್ನು ತಗ್ಗಿಸುವ ಕಡೆಗೆ ವಾಲುತ್ತದೆ. ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಇದೆ. ಫೋನು ಒಂದು ಚಿತ್ರಕ್ಕಾಗಿ ಹಲವು ಫ್ರೇಮ್‌ಗಳನ್ನು ಬೆನ್ನುಬೆನ್ನಿಗೆ ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ. ಮರ, ಬಂಡೆ, ಆಕಾಶಗಳಿಗೆ ಈ ವಿಧಾನ ಅದ್ಭುತವಾಗಿ ಒದಗಿಬರುತ್ತದೆ, ಏಕೆಂದರೆ ಅವು ಎಲ್ಲ ಫ್ರೇಮ್‌ಗಳಲ್ಲಿಯೂ ಇದ್ದಲ್ಲೇ ಇರುತ್ತವೆ. ಓಡುವ ಪ್ರಾಣಿಯಾದರೋ ಪ್ರತಿ ಫ್ರೇಮಿನಲ್ಲಿ ಬೇರೆಯೇ ಜಾಗದಲ್ಲಿರುತ್ತದೆ. ಆಗ ತಂತ್ರಾಂಶವು ಚಲಿಸಿದ ಭಾಗವನ್ನು ಗುರುತಿಸಿ, ಅಲ್ಲಿಗೆ ಮಾತ್ರ ಒಂದೇ ಫ್ರೇಮನ್ನು ಬಳಸಲು ಯತ್ನಿಸುತ್ತದೆ. ಅದು ಸರಿಯಾಗಿ ಗುರುತಿಸಿದರೆ ಹಿನ್ನೆಲೆ ನಯವಾಗಿಯೂ ಪ್ರಾಣಿ ಒರಟಾಗಿಯೂ ಬರುತ್ತದೆ, ತಪ್ಪಿದರೆ ಬಾಲ ಎರಡಾಗುತ್ತದೆ, ಕಾಲುಗಳು ಅರ್ಧಕ್ಕೆ ಕರಗಿಹೋಗುತ್ತವೆ.

ಪರಿಹಾರವಿಲ್ಲವೆಂದಲ್ಲ. ನಿಮ್ಮ ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/1000ಕ್ಕೆ ನೀವೇ ನಿಗದಿಪಡಿಸಿ, ಐಎಸ್ಒವನ್ನು ಫೋನಿನ ಆಯ್ಕೆಗೆ ಬಿಡಿ. ಆ ಮೋಡ್ ಇಲ್ಲದಿದ್ದರೆ ಶಟರ್ ವೇಗವನ್ನು ಕೈಯಿಂದ ಆರಿಸಲು ಬಿಡುವ ಬೇರೆ ಕ್ಯಾಮೆರಾ ಆ್ಯಪ್ ಬಳಸಬಹುದು. ರಾತ್ರಿ ಮೋಡ್ ತಾನಾಗಿ ಚಾಲೂ ಆಗದಂತೆ ನೋಡಿಕೊಳ್ಳುವುದು ಕಡ್ಡಾಯ.

ಫೋನಿನಲ್ಲಿ 100 ಪಟ್ಟು ಜೂಮ್ ಇರುವಾಗ ದೊಡ್ಡ ಲೆನ್ಸಿನ ಅಗತ್ಯವೇನು?

ಆ ಸಂಖ್ಯೆಯ ಬಹುಪಾಲು ಲೆನ್ಸಿನಿಂದ ಬಂದದ್ದಲ್ಲ, ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿದ್ದು. ಒಂದು ಲೆನ್ಸಿನ ಚಿತ್ರವನ್ನು ಹೀಗೆ 10 ಪಟ್ಟು ಹಿಗ್ಗಿಸಿದಾಗ ಸೆನ್ಸರಿನ ನೂರರಲ್ಲಿ ಒಂದು ಪಾಲು ಮಾತ್ರ ಬಳಕೆಯಾಗುತ್ತದೆ.

20 ಮೀಟರ್ ದೂರದ ಕೊಂಬೆಯ ಮೇಲೆ 20 ಸೆಂ.ಮೀ. ಉದ್ದದ ಹಕ್ಕಿಯೊಂದು ಕುಳಿತಿದೆಯೆಂದು ಭಾವಿಸಿ. ಫೋನಿನ ಮುಖ್ಯ ಲೆನ್ಸು ಫುಲ್ ಫ್ರೇಮ್ ಕ್ಯಾಮೆರಾದ 24 ಮಿ.ಮೀ. ಲೆನ್ಸಿಗೆ ಸಮನಾದ ನೋಟ ಕೊಡುತ್ತದೆ, ಆ ದೂರದಲ್ಲಿ ಅದರ ಚೌಕಟ್ಟಿನೊಳಗೆ ಸುಮಾರು 30 ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ. ಚಿತ್ರದ ಅಗಲ 4000 ಪಿಕ್ಸೆಲ್ ಆದರೆ ಹಕ್ಕಿಯ ಪಾಲಿಗೆ ಬರುವುದು ಸುಮಾರು 27 ಪಿಕ್ಸೆಲ್. ಅದೇ ಫೋನಿನ 5 ಪಟ್ಟು ಲೆನ್ಸಿನಲ್ಲಿ, ಅಂದರೆ 120 ಮಿ.ಮೀ.ಗೆ ಸಮನಾದ ನೋಟದಲ್ಲಿ, ಅದು ಸುಮಾರು 130 ಪಿಕ್ಸೆಲ್ ಆಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 400 ಮಿ.ಮೀ. ಲೆನ್ಸ್ ಹಾಕಿದರೆ ಚೌಕಟ್ಟಿನ ಅಗಲ 1.8 ಮೀಟರಿಗೆ ಇಳಿಯುತ್ತದೆ, 6000 ಪಿಕ್ಸೆಲ್‌ಗಳಲ್ಲಿ ಹಕ್ಕಿಗೆ 660ಕ್ಕೂ ಹೆಚ್ಚು ದೊರೆಯುತ್ತದೆ. ಕಣ್ಣಿನ ಹೊಳಪು, ಗರಿಯ ಎಳೆಗಳು ಕಾಣಿಸಿಕೊಳ್ಳುವುದು ಈ ಕೊನೆಯ ಸಂಖ್ಯೆಯಲ್ಲಿ.

ಇತ್ತೀಚಿನ ಕೆಲವು ಫೋನುಗಳು ಇಂತಹ ಹಿಗ್ಗಿಸಿದ ಚಿತ್ರಕ್ಕೆ ಕೃತಕ ಬುದ್ಧಿಮತ್ತೆಯ ನೆರವಿನಿಂದ ವಿವರಗಳನ್ನು ತುಂಬುತ್ತವೆ. ಹಾಗೆ ತುಂಬಿದ ಗರಿ ಆ ಹಕ್ಕಿಯ ಗರಿಯಲ್ಲ, ಇಂತಹ ಹಕ್ಕಿಗೆ ಇರಬಹುದಾದ ಗರಿಯ ಊಹೆ. ನೆನಪಿಗಾಗಿ ಇಟ್ಟುಕೊಳ್ಳುವ ಚಿತ್ರದಲ್ಲಿ ಇದು ದೊಡ್ಡ ವಿಷಯವಲ್ಲದಿರಬಹುದು. ಆದರೆ ಹಕ್ಕಿಯ ಜಾತಿಯನ್ನು ಗುರುತಿಸಲು, ಗಾಯವನ್ನು ದಾಖಲಿಸಲು, ಒಂದು ಪ್ರಾಣಿಯನ್ನು ಅದರ ಮೈಮೇಲಿನ ಗುರುತುಗಳಿಂದ ಪತ್ತೆಹಚ್ಚಲು ಚಿತ್ರ ಬೇಕಾಗಿದ್ದರೆ ಇಂತಹ ವಿವರವನ್ನು ನಂಬಲೇಬಾರದು.

ಓಡುವ ಪ್ರಾಣಿಯ ಮೇಲೆ ಫೋಕಸ್ ಹಿಡಿದಿಡುವುದರಲ್ಲಿ ಎರಡಕ್ಕೂ ಏನು ವ್ಯತ್ಯಾಸ?

ಪ್ರಾಣಿಗಳ ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಸೌಲಭ್ಯವನ್ನು ಸೋನಿ 2019ರಲ್ಲಿ ತನ್ನ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ತಂದಿತು. 2020ರ ಕ್ಯಾನನ್ ಆರ್5 ನಾಯಿ, ಬೆಕ್ಕುಗಳ ಜೊತೆಗೆ ಹಕ್ಕಿಗಳನ್ನೂ ಗುರುತಿಸಿತು. ಅಲ್ಲಿಂದೀಚೆಗೆ ಈ ಸೌಲಭ್ಯ ಸಾಧಾರಣ ದರ್ಜೆಯ ಕ್ಯಾಮೆರಾಗಳಿಗೂ ಇಳಿದುಬಂದಿದೆ. ಇದಕ್ಕೂ ಮೊದಲು ಓಡುವ ಪ್ರಾಣಿಯ ಮೇಲೆ ಫೋಕಸ್ ಬಿಂದುವನ್ನು ಕೈಯಾರೆ ಇಟ್ಟುಕೊಂಡು ಹೋಗಬೇಕಿತ್ತು. ಈಗ ಆ ಶ್ರಮದ ದೊಡ್ಡ ಪಾಲನ್ನು ಕ್ಯಾಮೆರಾ ಹೊತ್ತುಕೊಂಡಿರುವುದರಿಂದ ಛಾಯಾಗ್ರಾಹಕರ ಗಮನ ಹಿನ್ನೆಲೆಯ ಕಡೆಗೆ, ಪ್ರಾಣಿಯ ಮುಂದಿನ ನಡೆಯ ಕಡೆಗೆ ಹರಿಯಬಹುದು. ಕಳೆದ ಹತ್ತು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆದ ಅತಿ ದೊಡ್ಡ ಬದಲಾವಣೆ ಇದೇ ಎಂದು ನಾನು ಭಾವಿಸುತ್ತೇನೆ.

ಹಾಗೆಂದು ಫೋನಿನ ಫೋಕಸ್ ನಿಷ್ಪ್ರಯೋಜಕವಲ್ಲ. ಅದಕ್ಕೆ ಹಿಂಬಾಲಿಸುವ ಅಗತ್ಯವೇ ಕಡಿಮೆ. 400 ಮಿ.ಮೀ. ಎಫ್/5.6 ಲೆನ್ಸಿನಿಂದ 10 ಮೀಟರ್ ದೂರದ ಪ್ರಾಣಿಯನ್ನು ತೆಗೆದಾಗ ನಿಚ್ಚಳವಾಗಿ ಕಾಣುವ ವಲಯದ ಆಳ ಸುಮಾರು 20 ಸೆಂ.ಮೀ. ಮಾತ್ರ, ಆದ್ದರಿಂದ ಮೂತಿಯ ಮೇಲೆ ಫೋಕಸ್ ಆದರೆ ಭುಜ ಮಸುಕಾಗುವುದುಂಟು. ಫೋನಿನ ಮುಖ್ಯ ಲೆನ್ಸಿನಲ್ಲಿ ಕೆಲವು ಮೀಟರ್ ಆಚೆಗಿನದೆಲ್ಲವೂ ಹೆಚ್ಚುಕಡಿಮೆ ಫೋಕಸ್‌ನಲ್ಲಿಯೇ ಇರುತ್ತದೆ. ಕ್ಯಾಮೆರಾದ ಬಲವೆನಿಸಿದ ಹಿನ್ನೆಲೆಯ ಮೃದುತ್ವ ಮತ್ತು ಫೋಕಸ್ ತಪ್ಪುವ ಅಪಾಯ, ಇವೆರಡೂ ಒಂದೇ ಕಾರಣದಿಂದ ಬರುತ್ತವೆ ಎಂಬುದನ್ನು ಹೊಸಬರು ಗಮನದಲ್ಲಿಟ್ಟುಕೊಳ್ಳಬೇಕು.

ಸರಿಯಾದ ಕ್ಷಣ ಪ್ರತಿ ಸಲವೂ ಕೈತಪ್ಪುತ್ತದೆ. ಇದು ಸಾಧನದ ದೋಷವೇ?

ಕಣ್ಣು ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸೆಕೆಂಡಿನ ಸುಮಾರು ಐದನೇ ಒಂದು ಭಾಗ ಹಿಡಿಯುತ್ತದೆ. ಸೆಕೆಂಡಿಗೆ 10 ಮೀಟರ್ ಓಡುವ ಪ್ರಾಣಿ ಅಷ್ಟರಲ್ಲಿ 2 ಮೀಟರ್ ಸರಿದಿರುತ್ತದೆ. ಯಾವ ಸಾಧನವಾದರೂ ಈ ಮಿತಿಯನ್ನು ಎರಡೇ ರೀತಿಗಳಲ್ಲಿ ದಾಟಬಹುದು: ಒಂದಾದಮೇಲೊಂದು ಅನೇಕ ಚಿತ್ರಗಳನ್ನು ತೆಗೆಯುವುದು, ಇಲ್ಲವೇ ಗುಂಡಿ ಒತ್ತುವ ಮೊದಲಿನ ಕ್ಷಣಗಳನ್ನೂ ಉಳಿಸಿಕೊಳ್ಳುವುದು.

ಮೊದಲನೆಯ ದಾರಿ ಹಳೆಯದು. 1878ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯೇ ದಾರಗಳನ್ನು ತಗಲಿ ಒಂದೊಂದಾಗಿ ಶಟರ್ ಬೀಳುವಂತೆ ಮಾಡಿದಾಗ, ಕುದುರೆಯ ನಾಲ್ಕು ಗೊರಸುಗಳೂ ಒಂದು ಹಂತದಲ್ಲಿ ನೆಲ ಬಿಟ್ಟಿರುತ್ತವೆ ಎಂಬುದು ಚಿತ್ರದಲ್ಲಿ ಸಾಬೀತಾಯಿತು. ಬರಿಗಣ್ಣಿಗೆ ಹಿಡಿಯದ ಸತ್ಯವನ್ನು ಸರಣಿ ಚಿತ್ರಗಳು ಹಿಡಿದುಕೊಟ್ಟವು. ಇಂದಿನ ಕ್ಯಾಮೆರಾಗಳು ಸೆಕೆಂಡಿಗೆ 10ರಿಂದ 30 ಚಿತ್ರಗಳನ್ನು, ಪ್ರತಿಯೊಂದಕ್ಕೂ ಹೊಸದಾಗಿ ಫೋಕಸ್ ಮಾಡುತ್ತ, ತೆಗೆಯುತ್ತವೆ. ಫೋನಿನ ಬರ್ಸ್ಟ್ (ಬೆನ್ನುಬೆನ್ನಿಗೆ ಚಿತ್ರ ತೆಗೆಯುವ ಸೌಲಭ್ಯ) ಕೂಡ ವೇಗವಾಗಿಯೇ ಇದೆ, ಆದರೆ ಕೆಲವು ಫೋನುಗಳಲ್ಲಿ ಬರ್ಸ್ಟ್ ಹೊತ್ತಿಗೆ ಫ್ರೇಮ್‌ಗಳನ್ನು ಜೋಡಿಸುವ ಸಂಸ್ಕರಣೆ ಕಡಿಮೆಯಾಗಿ ಚಿತ್ರದ ಗುಣಮಟ್ಟ ಇಳಿಯುತ್ತದೆ.

ಎರಡನೆಯ ದಾರಿಯಲ್ಲಿ ಫೋನುಗಳು ಹಿಂದೆ ಬಿದ್ದಿಲ್ಲ. ಕ್ಯಾಮೆರಾ ಆ್ಯಪ್ ತೆರೆದಿರುವಷ್ಟು ಹೊತ್ತೂ ಫೋನು ಫ್ರೇಮ್‌ಗಳನ್ನು ತಾತ್ಕಾಲಿಕವಾಗಿ ಸಂಗ್ರಹಿಸುತ್ತಲೇ ಇರುತ್ತದೆ, ಗುಂಡಿ ಒತ್ತಿದಾಗ ಆ ಕ್ಷಣಕ್ಕೆ ಹತ್ತಿರವಿರುವ ಫ್ರೇಮನ್ನು ಅದರಿಂದ ಆರಿಸಿಕೊಳ್ಳುತ್ತದೆ. ಕ್ಯಾಮೆರಾಗಳಲ್ಲಿ ಇಂತಹ ಏರ್ಪಾಟನ್ನು ಒಲಿಂಪಸ್ 2016ರ ಇ-ಎಂ1 ಮಾರ್ಕ್ 2ರಲ್ಲಿ 'ಪ್ರೊ ಕ್ಯಾಪ್ಚರ್' ಎಂಬ ಹೆಸರಿನಲ್ಲಿ ಕೊಟ್ಟಿತು, ಈಗ ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ ಇದೆ. ಕೊಂಬೆಯಿಂದ ಹಾರಲು ಸಿದ್ಧವಾಗಿರುವ ಹಕ್ಕಿಗೆ ಇದಕ್ಕಿಂತ ಉಪಯುಕ್ತವಾದ ಸೌಲಭ್ಯ ಬೇರೊಂದಿಲ್ಲ.

ಹಾರುವ ಹಕ್ಕಿಯ ರೆಕ್ಕೆ ಸೊಟ್ಟಗೆ, ಬಾಗಿದಂತೆ ಬರುವುದೇಕೆ?

ಎಲೆಕ್ಟ್ರಾನಿಕ್ ಶಟರ್ ಬಳಸುವಾಗ ಹೆಚ್ಚಿನ ಸೆನ್ಸರುಗಳು ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತವೆ. ಓದಿ ಮುಗಿಯುವಷ್ಟರಲ್ಲಿ ರೆಕ್ಕೆ ಸರಿದಿದ್ದರೆ ಅದರ ಆಕಾರ ತಿರುಚಿಕೊಳ್ಳುತ್ತದೆ. ಶಟರ್ ವೇಗವನ್ನು ಎಷ್ಟು ಏರಿಸಿದರೂ ಈ ದೋಷ ಹೋಗುವುದಿಲ್ಲ. ಫೋನುಗಳಲ್ಲಿ ಯಾಂತ್ರಿಕ ಶಟರ್ ಇಲ್ಲ. ಕ್ಯಾಮೆರಾದಲ್ಲಿ ಅದಿದ್ದರೆ ಅದನ್ನೇ ಬಳಸಬಹುದು. ಸೋನಿ 2023ರಲ್ಲಿ ಪ್ರಕಟಿಸಿದ ಎ9 III ಕ್ಯಾಮೆರಾದಲ್ಲಿ ಎಲ್ಲ ಸಾಲುಗಳೂ ಒಟ್ಟಿಗೇ ದಾಖಲಾಗುವುದರಿಂದ ಈ ಸಮಸ್ಯೆಯೇ ಇಲ್ಲ.

ಫೋನೇ ಮೇಲಾಗುವ ಸಂದರ್ಭಗಳು ಯಾವುವು?

ಪ್ರಾಣಿ ಹತ್ತಿರದಲ್ಲಿದ್ದು, ಬೆಳಕು ಚೆನ್ನಾಗಿದ್ದು, ನಿಮ್ಮ ಇರವಿಗೆ ಅದು ಹೊಂದಿಕೊಂಡಿದ್ದರೆ ಫೋನು ಬಹಳ ಸಮರ್ಥವಾದ ಸಾಧನ. ನಾಯಿಮರಿಯ ಕಣ್ಣಿನ ಮಟ್ಟಕ್ಕೆ, ನೆಲಕ್ಕೆ ತಾಗಿಸಿ ಹಿಡಿಯುವುದು ಫೋನಿನಲ್ಲಿ ಸಲೀಸು. ಬಲೆ ಅಥವಾ ಜಾಲರಿಯ ಕಂಡಿಯಲ್ಲಿ ಅದರ ಪುಟ್ಟ ಲೆನ್ಸು ಹಿಡಿಸುತ್ತದೆ. ಮೀನುತೊಟ್ಟಿಯ ಗಾಜಿಗೆ ಒತ್ತಿ ಹಿಡಿದರೆ ಪ್ರತಿಫಲನ ಇಲ್ಲವಾಗುತ್ತದೆ. ದೊಡ್ಡ ಲೆನ್ಸಿಗೆ ಇವು ಯಾವುವೂ ಸುಲಭವಲ್ಲ. ಸೆಕೆಂಡಿಗೆ 240 ಫ್ರೇಮ್‌ಗಳ ನಿಧಾನಗತಿಯ ವಿಡಿಯೊ ಎಷ್ಟೋ ಫೋನುಗಳಲ್ಲಿ ಸಾಮಾನ್ಯವಾಗಿದೆ, ಪ್ರಾಣಿಯ ನಡಿಗೆಯನ್ನು ಅಭ್ಯಾಸ ಮಾಡುವವರಿಗೆ ಅದು ಒಂದೊಂದು ಚಿತ್ರಕ್ಕಿಂತ ಹೆಚ್ಚು ಕಲಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, 200 ಗ್ರಾಂ ತೂಕದ ಫೋನು ಸದಾ ಜೇಬಿನಲ್ಲಿರುತ್ತದೆ. 100-400 ಮಿ.ಮೀ. ಲೆನ್ಸುಗಳಲ್ಲಿ ಅನೇಕವು ಒಂದು ಕಿಲೋಗಿಂತ ಹೆಚ್ಚು ತೂಗುತ್ತವೆ, ಹಾಗಾಗಿ ಮನೆಯಲ್ಲೇ ಉಳಿದುಬಿಡುವುದೂ ಹೆಚ್ಚು.

4ಕೆ ವಿಡಿಯೊ ತೆಗೆದು ಅದರಿಂದ ಒಂದು ಫ್ರೇಮನ್ನು ಆರಿಸಿಕೊಂಡರೆ ಆಗದೇ?

ಆಗುತ್ತದೆ, ಆದರೆ ಎರಡು ಮಿತಿಗಳಿವೆ. 4ಕೆ ಫ್ರೇಮ್ 3840 × 2160, ಅಂದರೆ ಸುಮಾರು 8.3 ಮೆಗಾಪಿಕ್ಸೆಲ್. ಪರದೆಯ ಮೇಲೆ ನೋಡಲು ಅದು ಧಾರಾಳ, ಆದರೆ ಕತ್ತರಿಸಿ ಹಿಗ್ಗಿಸಲು ಅಥವಾ ದೊಡ್ಡದಾಗಿ ಮುದ್ರಿಸಲು ಸಾಲದು. ಎರಡನೆಯ ಮಿತಿ ಹೆಚ್ಚು ತೊಡಕಿನದು: ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಲೆಂದು ಶಟರ್ ವೇಗವನ್ನು ಸಾಮಾನ್ಯವಾಗಿ 1/60 ಅಥವಾ 1/120ರ ಆಸುಪಾಸಿನಲ್ಲಿ ಇಡಲಾಗುತ್ತದೆ, ಆದ್ದರಿಂದ ನಿಲ್ಲಿಸಿ ನೋಡಿದ ಪ್ರತಿ ಫ್ರೇಮಿನಲ್ಲೂ ಮಸುಕು ಇರುತ್ತದೆ. ಚಿತ್ರಕ್ಕಾಗಿಯೇ ವಿಡಿಯೊ ತೆಗೆಯುವುದಾದರೆ ಶಟರ್ ವೇಗವನ್ನು 1/1000ಕ್ಕೆ ಏರಿಸಿಕೊಳ್ಳಬೇಕು.

ಮನೆಯೊಳಗೆ ಆಡುವ ಬೆಕ್ಕು, ನಾಯಿಗಳ ಚಿತ್ರಕ್ಕೆ ಯಾವುದು ಒಳ್ಳೆಯದು?

ಮನೆಯೊಳಗಿನ ಬೆಳಕು ಕಣ್ಣಿಗೆ ಸಾಕೆನಿಸಿದರೂ ಹೊರಗಿನ ಬಿಸಿಲಿನ ನೂರರಲ್ಲೊಂದು ಪಾಲೂ ಇರುವುದಿಲ್ಲ. ಇಲ್ಲಿ ಉದ್ದದ ಲೆನ್ಸಿಗಿಂತ 50 ಮಿ.ಮೀ. ಎಫ್/1.8ರಂತಹ ಚಿಕ್ಕ, ಬೆಳಕು ಹೆಚ್ಚು ಬಿಡುವ ಲೆನ್ಸೇ ಉಪಯುಕ್ತ, ಅದರ ದ್ವಾರ 28 ಮಿ.ಮೀ. ವ್ಯಾಸದ್ದು. ಫೋನಿನಲ್ಲಿ ತೆಗೆಯುವುದಾದರೆ ಮುಖ್ಯ ಲೆನ್ಸನ್ನೇ ಬಳಸಿ, ಜೂಮ್ ಮಾಡಬೇಡಿ, ಪ್ರಾಣಿಯನ್ನು ಕಿಟಕಿಯ ಬಳಿಗೆ ಆಡಲು ಕರೆಯಿರಿ. ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ಕೆಲವು ಎಲ್ಇಡಿ ದೀಪಗಳ ಅಡಿಯಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಮೂಡುತ್ತವೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಂತಹ ದೀಪಗಳು ಸೆಕೆಂಡಿಗೆ 100 ಸಲ ಮಿನುಗುವುದೇ ಇದಕ್ಕೆ ಕಾರಣ, ಅದನ್ನು ಫೋಕಸ್ ದೋಷವೆಂದು ತಿಳಿಯಬಾರದು.

ಕ್ಯಾಮೆರಾ ಎಂದರೆ ಇತ್ತೀಚಿನ ದುಬಾರಿ ಮಾದರಿಯೇ ಆಗಬೇಕೇ?

ಬೇಡ. ಒಳಗೆ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್ ಒಂದಕ್ಕೆ 300 ಅಥವಾ 400 ಮಿ.ಮೀ. ತಲುಪುವ ಲೆನ್ಸ್ ಸೇರಿದರೆ, ಹಗಲು ಬೆಳಕಿನಲ್ಲಿ ಹಾರುವ ಹಕ್ಕಿಗೆ ಅದು ಇಂದಿನ ಯಾವ ಫೋನಿಗಿಂತಲೂ ಉತ್ತಮ. ಹಣ ಹಂಚುವುದಾದರೆ ಹೆಚ್ಚಿನ ಪಾಲು ಲೆನ್ಸಿಗೆ ಹೋಗಲಿ ಎಂಬುದು ನನ್ನ ಖಚಿತ ಸಲಹೆ. ಲೆನ್ಸ್ ಬದಲಿಸುವ ತಾಪತ್ರಯ ಬೇಡವೆನ್ನುವವರಿಗೆ ಉದ್ದದ ಜೂಮ್ ಲೆನ್ಸ್ ಕ್ಯಾಮೆರಾಕ್ಕೇ ಸೇರಿಕೊಂಡಿರುವ ಬ್ರಿಜ್ ಕ್ಯಾಮೆರಾಗಳಿವೆ, ಆದರೆ ಅವುಗಳನ್ನು ಜೂಮ್ ಸಂಖ್ಯೆ ನೋಡಿ ಆರಿಸಬಾರದು. ನಿಕಾನ್ ಪಿ1000ದ 125 ಪಟ್ಟು ಜೂಮ್ 3000 ಮಿ.ಮೀ.ಗೆ ಸಮನಾದ ನೋಟ ಕೊಡುತ್ತದೆ, ಸೆನ್ಸರ್ ಮಾತ್ರ ಸುಮಾರು 28 ಚದರ ಮಿ.ಮೀ.ನದು. ಕುಳಿತ ಹಕ್ಕಿಗೆ ಅದು ಒದಗುತ್ತದೆ, ಹಾರುವ ಹಕ್ಕಿಗೆ ಕಷ್ಟ. ಸೋನಿ ಆರ್‌ಎಕ್ಸ್10 IVರಲ್ಲಿ ಜೂಮ್ 600 ಮಿ.ಮೀ.ಗೆ ಸಮನಾದಷ್ಟಕ್ಕೇ ನಿಂತರೂ ಒಂದಿಂಚಿನ ಸೆನ್ಸರ್ ಮತ್ತು ಚುರುಕಾದ ಫೋಕಸ್ ಇರುವುದರಿಂದ ಚಲಿಸುವ ಪ್ರಾಣಿಗೆ ಅದು ಹೆಚ್ಚು ತಕ್ಕದ್ದು.

ಫೋನನ್ನು ದುರ್ಬೀನಿಗೆ ಜೋಡಿಸಿದರೆ?

ಕುಳಿತ ಅಥವಾ ನಿಧಾನವಾಗಿ ಮೇಯುವ ಪ್ರಾಣಿಗೆ ಫಲಿತಾಂಶ ಅಚ್ಚರಿಪಡುವಷ್ಟು ಚೆನ್ನಾಗಿರುತ್ತದೆ, ಏಕೆಂದರೆ ಬೆಳಕು ಹಿಡಿಯುವ ಕೆಲಸವನ್ನು ದುರ್ಬೀನಿನ ದೊಡ್ಡ ಗಾಜು ಮಾಡುತ್ತದೆ. ಓಡುವ ಪ್ರಾಣಿಯನ್ನು ಆ ಕಿರಿದಾದ ನೋಟದೊಳಗೆ ಹಿಡಿದಿಡುವುದು ಮಾತ್ರ ಅಸಾಧ್ಯವೆನ್ನುವಷ್ಟು ಕಷ್ಟ.

ಲೆನ್ಸ್ ಇಲ್ಲದಿದ್ದರೇನಂತೆ, ಹತ್ತಿರ ಹೋಗಿ ಫೋನಿನಲ್ಲೇ ತೆಗೆಯಬಹುದಲ್ಲವೇ?

ಕಾಡುಪ್ರಾಣಿಗಳ ವಿಷಯದಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಉದ್ದದ ಲೆನ್ಸಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಚಿತ್ರದ ಗುಣಮಟ್ಟವೊಂದೇ ಕಾರಣವಲ್ಲ, ಅದು ಪ್ರಾಣಿಗೂ ನಮಗೂ ನಡುವೆ ದೂರವನ್ನು ಉಳಿಸುತ್ತದೆ. ಮೇಯುತ್ತಿದ್ದ ಪ್ರಾಣಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ, ಕಿವಿ ನಿಮಿರಿಸಿದರೆ, ಹಕ್ಕಿ ಗೂಡಿಗೆ ಮರಳಲು ಹಿಂಜರಿದರೆ ನೀವು ಆಗಲೇ ಹೆಚ್ಚು ಹತ್ತಿರವಾಗಿದ್ದೀರಿ ಎಂದು ಅರ್ಥ. ಓಡುವ ಚಿತ್ರ ಸಿಗಲೆಂದು ಪ್ರಾಣಿಯನ್ನು ಬೆದರಿಸಿ ಓಡಿಸುವುದು ಅದರ ಶಕ್ತಿಯನ್ನೂ ಆಹಾರದ ಹೊತ್ತನ್ನೂ ಕಸಿದುಕೊಳ್ಳುವ ಕ್ರೌರ್ಯ. ದೂರದಿಂದ ಫೋನಿನಲ್ಲಿ ತೆಗೆಯುವಾಗ ಪ್ರಾಣಿ ಚಿಕ್ಕದಾಗಿ ಬಂದರೆ ಬರಲಿ, ಅದರ ನೆಲೆಯನ್ನೂ ಸೇರಿಸಿ ತೆಗೆದ ಚಿತ್ರಕ್ಕೆ ತನ್ನದೇ ಆದ ಬೆಲೆಯಿದೆ.

ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಯಾವ ಸೆಟ್ಟಿಂಗ್‌ನಿಂದ ಆರಂಭಿಸಲಿ?

ಮ್ಯಾನುಯಲ್ ಮೋಡ್‌ನಲ್ಲಿ ಶಟರ್ ವೇಗವನ್ನು 1/1600ಕ್ಕೆ, ಅಪರ್ಚರನ್ನು ಲೆನ್ಸ್ ಅನುಮತಿಸುವಷ್ಟು ಅಗಲಕ್ಕೆ ಇಟ್ಟು, ಐಎಸ್ಒವನ್ನು ಆಟೊಗೆ ಬಿಡಿ. ಫೋಕಸ್ ನಿರಂತರ ಮೋಡ್‌ನಲ್ಲಿರಲಿ, ಪ್ರಾಣಿಗಳನ್ನು ಗುರುತಿಸುವ ಸೌಲಭ್ಯವಿದ್ದರೆ ಅದನ್ನು ಚಾಲೂ ಮಾಡಿ. ಐಎಸ್ಒ 3200 ಅಥವಾ 6400 ತಲುಪಿತೆಂದು ಹೆದರಬೇಡಿ. ಕಾಳುಕಾಳನ್ನು ಆಮೇಲೆ ಕಡಿಮೆ ಮಾಡಬಹುದು, ಚಲನೆಯ ಮಸುಕನ್ನು ತೆಗೆಯಲಾಗುವುದಿಲ್ಲ.

ಕ್ಯಾಮೆರಾ, ಉದ್ದದ ಲೆನ್ಸ್ ಎರಡೂ ಇವೆ. ಆದರೂ ಚಿತ್ರ ನಿಚ್ಚಳವಾಗಿ ಬರುತ್ತಿಲ್ಲ. ಏನು ತಪ್ಪಾಗುತ್ತಿದೆ?

ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಮಸುಕಿನ ಬಗೆಯನ್ನು ಪರೀಕ್ಷಿಸಿ. ಹುಲ್ಲು, ಕಲ್ಲು, ಪ್ರಾಣಿ ಎಲ್ಲವೂ ಒಂದೇ ದಿಕ್ಕಿನಲ್ಲಿ ಎಳೆದಂತಿದ್ದರೆ ಅಲುಗಿದ್ದು ಕೈ. ಹಿನ್ನೆಲೆ ನಿಚ್ಚಳವಾಗಿದ್ದು ಪ್ರಾಣಿ ಮಾತ್ರ ಎಳೆದಂತಿದ್ದರೆ ಶಟರ್ ವೇಗ ಸಾಲದು. ಪ್ರಾಣಿಯಲ್ಲಿ ಎಳೆದ ಗುರುತಿಲ್ಲದೆ ಮೃದುವಾಗಿದ್ದು, ಅದರ ಹಿಂದಿನ ಅಥವಾ ಮುಂದಿನ ಹುಲ್ಲು ನಿಚ್ಚಳವಾಗಿದ್ದರೆ ಫೋಕಸ್ ಬೇರೆಡೆ ಬಿದ್ದಿದೆ, ಆಗ ಚಿಕ್ಕ ಫೋಕಸ್ ವಲಯವನ್ನು ಆರಿಸಿಕೊಳ್ಳಿ. ಇವಾವುವೂ ಅಲ್ಲದೆ ಇಡೀ ಚಿತ್ರ ಅಲೆಅಲೆಯಾಗಿ, ನೀರಿನ ಮೂಲಕ ನೋಡಿದಂತೆ ಕಾಣುತ್ತಿದ್ದರೆ ಅದು ಕಾದ ನೆಲದಿಂದ ಏಳುವ ಬಿಸಿಗಾಳಿಯ ಕೆಲಸ. ಅದಕ್ಕೆ ಲೆನ್ಸಿನಲ್ಲೂ ಪರಿಹಾರವಿಲ್ಲ, ತಂತ್ರಾಂಶದಲ್ಲೂ ಇಲ್ಲ. ಬೆಳಗ್ಗೆ ನೆಲ ಕಾಯುವ ಮೊದಲೇ ಹೋಗಬೇಕು.